ಸಹಾಯಕರು ಬೇಕಾಗಿದ್ದಾರೆ

ಕಾಲೇಜಿನ ಸೂಚನಾಫಲಕವೇ ವಿದ್ಯಾರ್ಥಿಗಳು ಓದುವ ಏಕೈಕ ಗ್ರಂಥವೆಂದು ಹಾಸ್ಯ ಮಾಡುವ ಅಧ್ಯಾಪಕರುಂಟು. ಪರೀಕ್ಷಾಶುಲ್ಕದ ಕೊನೆಯ ದಿನಾಂಕ, ಹಾಜರಾತಿ ಕಡಿಮೆಯಾದವರ ಪಟ್ಟಿ, ಇವೆರಡನ್ನು ಬಿಟ್ಟರೆ ಆ ಗ್ರಂಥದಲ್ಲಿಯೂ ನಮಗೆ ಆಸಕ್ತಿ ಕಡಿಮೆಯೇ. ಆದರೆ ಕಳೆದ ವರ್ಷ ಅದರ ಮೂಲೆಯಲ್ಲಿ ಅಂಟಿಸಿದ್ದ ಗೇಣಗಲದ ಕಾಗದವೊಂದನ್ನು ನಾನು ಮೂರು ಸಲ ಓದಿದೆನು. "ಫುಟ್‌ಬಾಲ್ ತಂಡಕ್ಕೆ ಒಬ್ಬ ಸಹಾಯಕ ತರಬೇತುದಾರರು ಬೇಕಾಗಿದ್ದಾರೆ. ಗೌರವಧನ ಕೊಡಲಾಗುವುದು."

ನಮ್ಮದು ಸರ್ಕಾರಿ ಕಲಾ ಕಾಲೇಜು. ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ. ಕಬಡ್ಡಿ, ಖೋಖೋ, ವಾಲಿಬಾಲ್, ಓಟ, ಎಸೆತ ಎಲ್ಲಕ್ಕೂ ಅವರೇ ಗುರುಗಳು. ಸ್ವಾತಂತ್ರ್ಯೋತ್ಸವದ ಕವಾಯತಿಗೂ ಅವರೇ. ಅಮೆರಿಕದ ದೊಡ್ಡ ಕಾಲೇಜು ತಂಡಗಳಲ್ಲಿ ಮುಖ್ಯ ತರಬೇತುದಾರನ ಕೈಕೆಳಗಿನ ಸಹಾಯಕರ ಸಂಖ್ಯೆಯನ್ನು 2018ರಲ್ಲಿ 9ರಿಂದ 10ಕ್ಕೆ ಏರಿಸಿದರೆಂದು ಎಲ್ಲಿಯೋ ಓದಿ ನಕ್ಕಿದ್ದೆ. ಅವರ ಫುಟ್‌ಬಾಲ್ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಕೈಗೊಬ್ಬ, ಕಾಲಿಗೊಬ್ಬ ಗುರು ಬೇಕಾದೀತು! ನಮ್ಮ ಇಪ್ಪತ್ತೆರಡು ಕಾಲುಗಳಿಗೆ ಒಬ್ಬನಾದರೂ ಸಿಕ್ಕಲೆಂದು ನಾವು ಮನವಿ ಬರೆದುಕೊಟ್ಟೆವು. ಪ್ರಿನ್ಸಿಪಾಲರು ದೊಡ್ಡ ಮನಸ್ಸು ಮಾಡಿ ಕಾಲೇಜು ಅಭಿವೃದ್ಧಿ ಸಮಿತಿಯನ್ನು ಒಪ್ಪಿಸಿದರು. ತಂಡದ ನಾಯಕನೆಂದು ನನಗೂ ಸಂದರ್ಶನದ ದಿನ ಒಂದು ಕುರ್ಚಿ ದೊರೆಯಿತು.

ಇಲ್ಲಿ ನನ್ನ ಊರಿನ ವಿಷಯ ಸ್ವಲ್ಪ ಹೇಳಬೇಕು. ನಾನು ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆಯವನು. ಭತ್ತದ ಸೀಮೆ. ಕುಯಿಲು ಮುಗಿದ ಗದ್ದೆಯೇ ನಮ್ಮ ಕ್ರೀಡಾಂಗಣ. ಬರಿಗಾಲಿಗೆ ಕೂಳೆ ಚುಚ್ಚುವುದರಿಂದ ಕಾಲನ್ನು ಎತ್ತಿ ಇಡುವುದು ತಾನಾಗಿ ಅಭ್ಯಾಸವಾಗುತ್ತದೆ. ಉಳಿದದ್ದನ್ನು ಕಲಿಸಿದವನು ನಮ್ಮ ಬೀದಿಯ ಒಬ್ಬ ರೈತ. ಹುಡುಗರು ಅವನಿಗಿಟ್ಟ ಹೆಸರು ಚೆಂಡಿನಣ್ಣ. ಹರೆಯದಲ್ಲಿ ಅವನು ಬೆಂಗಳೂರು ಸೇರಿ ಹಲಸೂರಿನ ಗ್ಯಾರೇಜೊಂದರಲ್ಲಿ ದುಡಿದಿದ್ದ. ಮಗ್ಗುಲಲ್ಲೇ ಗೌತಮಪುರ. ಫುಟ್‌ಬಾಲಿನ ಹುಚ್ಚಿಗೆ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಬಡಾವಣೆ ಅದು. ಕೆಲಸ ಮುಗಿಸಿ ಅಲ್ಲಿನ ಹುಡುಗರೊಡನೆ ಆಡಿ ಕಲಿತವನು, ತಂದೆ ತೀರಿಕೊಂಡಾಗ ಊರಿಗೆ ಬಂದು ನೇಗಿಲು ಹಿಡಿದ. ಚೆಂಡನ್ನು ಮಾತ್ರ ಬಿಡಲಿಲ್ಲ. "ಚೆಂಡ್ ನೋಡ್ಬ್ಯಾಡ ಕಣ್ಲಾ, ಜಾಗ ನೋಡು" ಎಂದು ಅವನು ಗದ್ದೆಯ ಬದುವಿನ ಮೇಲೆ ನಿಂತು ಕೂಗುತ್ತಿದ್ದದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಸಂದರ್ಶನಕ್ಕೆ ಮೂವರು ಬಂದಿದ್ದರು. ಮೂರನೆಯವನು ಚೆಂಡಿನಣ್ಣ! ಒಗೆದ ಬಿಳಿಯ ಅಂಗಿ, ಕಂಕುಳಲ್ಲಿ ಬಟ್ಟೆಯ ಚೀಲ. ಅವನಿಗಿಂತ ಮೊದಲು ಬಂದವರು ದೈಹಿಕ ಶಿಕ್ಷಣದ ಪದವೀಧರರು. ಅವರ ಕಡತದಲ್ಲಿ ಪ್ರಮಾಣಪತ್ರಗಳು ಕ್ರಮವಾಗಿ ಜೋಡಿಸಿದ್ದುವು.

"ಎಲ್ಲಿಯವರೆಗೆ ಓದಿದ್ದೀರಿ?" ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು.

"ಒಂಬತ್ತ್ನೇ ಕ್ಲಾಸು, ಸ್ವಾಮಿ."

"ಪ್ರಮಾಣಪತ್ರ?"

ಅವನು ಇಲ್ಲವೆಂದು ತಲೆಯಾಡಿಸಿ ನನ್ನ ಕಡೆ ನೋಡಿದ. ನಾನು ಮೇಜಿನ ಮೇಲಿದ್ದ ಪಟ್ಟಿಯನ್ನು ನೋಡಿದೆ. ಅವನು ಹೊರಗೆ ಹೋದ ಮೇಲೆ ಹಿರಿಯರು, "ಆಡುವವನು ನೀನು. ನಿನ್ನ ಅಭಿಪ್ರಾಯವೇನಪ್ಪಾ?" ಎಂದರು. "ಅರ್ಹತೆ ಇರುವವರೇ ಆಗಲಿ, ಸಾರ್" ಎಂದೆ. ನನಗೆ ಆಟ ಕಲಿಸಿದವನು ಅವನೆಂಬ ಮಾತು ಗಂಟಲಿನಿಂದ ಮೇಲೆ ಬರಲಿಲ್ಲ.

ಏಕೆಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ನನ್ನ ತಂದೆತಾಯಿಗಳು ಹೆಬ್ಬೆಟ್ಟು ಒತ್ತುವವರು. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಾಗದವಿದ್ದರೆ ಮನುಷ್ಯ, ಇಲ್ಲದಿದ್ದರೆ ಇಲ್ಲ ಎಂಬುದು ಹಾಲಿನೊಡನೆ ಕುಡಿದ ಪಾಠ. ಅದು ಅರ್ಧ ಕಾರಣ. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ: ಅಧ್ಯಾಪಕರೆದುರು ಆ ಚೀಲದವನು ನನ್ನವನೆಂದು ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಆಯ್ಕೆಯಾದ ಪದವೀಧರರು ಒಳ್ಳೆಯವರೇ. ಆಡುವ ಮುನ್ನ ಮೈ ಬೆಚ್ಚಗೆ ಮಾಡಿಕೊಳ್ಳುವ ಕ್ರಮವನ್ನೂ, ರಕ್ಷಣೆಯ ಸಾಲು ಕಟ್ಟುವ ಬಗೆಯನ್ನೂ ಅವರಿಂದ ಕಲಿತೆವು. ಕೆಲವು ತಿಂಗಳಲ್ಲಿ ಅವರಿಗೆ ಬೇರೆಡೆ ಖಾಯಂ ಕೆಲಸ ಸಿಕ್ಕಿತು, ಹೋದರು. ಅವರದು ತಪ್ಪೆನ್ನಲಾರೆ. ಗೌರವಧನದಲ್ಲಿ ಗೌರವವಿದ್ದಷ್ಟು ಧನವಿರುವುದಿಲ್ಲ.

ಒಂದು ಸಂಜೆ ಹಾಲಿನ ಡೇರಿಯ ಮುಂದೆ ಚೆಂಡಿನಣ್ಣನನ್ನು ಕಂಡು ತಪ್ಪೊಪ್ಪಿಕೊಂಡೆ. ಅವನು ಕ್ಯಾನು ಕೆಳಗಿಟ್ಟು ಹೇಳಿದ: "ನೀ ಯೋಳಿದ್ದು ಸರಿ ಕಣ್ ಮಗ. ಓದ್ದೋರೇ ಬರ್ಲಿ. ಆದ್ರೆ ಗೊತ್ತಿಲ್ದೋನ್ ಥರ ನೋಡ್ದಲ್ಲ, ಅದ್ಯಾಕೆ?" ನನ್ನಲ್ಲಿ ಉತ್ತರವಿರಲಿಲ್ಲ.

ಕಾಗದ ದೊಡ್ಡದೋ ಆಟ ದೊಡ್ಡದೋ ಎಂಬುದು ಚರ್ಚಾಸ್ಪರ್ಧೆಗೆ ಒಳ್ಳೆಯ ವಿಷಯ. ಆದರೆ ನಮ್ಮ ದೇಶದ ಫುಟ್‌ಬಾಲಿನ ಬಹುದೊಡ್ಡ ಗುರು ಆ ಜಗಳವನ್ನು ಎಂದೋ ತೀರಿಸಿದ್ದಾರೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಶಾಲೆಯ ಉಪಾಧ್ಯಾಯರಾಗಿದ್ದವರು. ಅವರು ಪಳಗಿಸಿದ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು. 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡೆಗಳ ಚಿನ್ನ ಗೆದ್ದುಕೊಟ್ಟು, ಮರುವರ್ಷವೇ ಅವರು ತೀರಿಕೊಂಡರು. ಓದು, ಆಟ ಎರಡೂ ಅವರೊಬ್ಬರಲ್ಲಿಯೇ ಇದ್ದುವು. ತರಬೇತುದಾರರನ್ನು ತಯಾರಿಸಲೆಂದು ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದದ್ದು 1961ರಲ್ಲಿ. ಕಾಗದವೂ ಸುಳ್ಳಲ್ಲ. ಆಟ ಬಲ್ಲವನ ಕೈಗೆ ಅದು ತಲಪುವ ದಾರಿ ಮಾತ್ರ ದೂರ, ಮತ್ತು ಆ ದಾರಿಯುದ್ದಕ್ಕೂ ಇಂಗ್ಲಿಷ್ ಮುಳ್ಳುಗಳು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆರಂಭದ ಹಂತದ 'ಡಿ' ಪರವಾನಗಿಗೆ ಕೆಲವೇ ದಿನಗಳ ಶಿಕ್ಷಣ ಸಾಕೆಂದು ತಿಳಿಯಿತು. ಕಳೆದ ತಿಂಗಳು ಕೃಷ್ಣರಾಜನಗರದ ಸೈಬರ್ ಅಂಗಡಿಯಲ್ಲಿ ಚೆಂಡಿನಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅರ್ಜಿಗೆ ಬೇಕಾಗುವ ವಿವರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡೆ. "ಅನುಭವ?" ಎಂದೆ. "ಏನೂ ಇಲ್ಲ ಅಂತ ಬರಿ" ಎಂದ. "ಹದಿನೈದು ವರ್ಷ, ಊರ ಹುಡುಗರು" ಎಂದು ಬರೆದೆ. ಮೂರು ವರ್ಷ ಬೆಂಚು ಸವೆಸಿ ಕಲಿತ ಇಂಗ್ಲಿಷಿಗೆ ಅಂದು ಮೊದಲ ಸಲ ಒಂದು ಕೆಲಸ ಸಿಕ್ಕಿತು.

ಸಹಾಯಕ ತರಬೇತುದಾರರ ಜಾಗ ಇನ್ನೂ ಖಾಲಿಯಿದೆ. ಬರುವ ವರ್ಷ ನಾನು ಇಲ್ಲಿರುವುದಿಲ್ಲ; ಆ ಕುರ್ಚಿಯಲ್ಲಿ ಬೇರೊಬ್ಬ ನಾಯಕ ಕೂರುತ್ತಾನೆ. ಹಿರಿಯರು ಅಂದು ಕೇಳಿದ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು, ತಡವಾದರೂ, ಇಲ್ಲಿ ಬರೆದಿದ್ದೇನೆ. ಬಾಗಿಲ ಹೊರಗೆ ಚೀಲ ಹಿಡಿದು ನಿಂತಿದ್ದವನು ನನ್ನ ಗುರು, ಸಾರ್.