ಹದಿನಾರರ ಹರೆಯ, ಪರರ ದುಡ್ಡು, ದೂರದ ಊರು

ಹದಿನಾರು ವರ್ಷದ ಹುಡುಗನನ್ನು ನಸುಕಿನಲ್ಲಿ ಎಬ್ಬಿಸುವುದು ಯಾವ ದೇಶದಲ್ಲೂ ಸುಲಭದ ಕೆಲಸವಲ್ಲ. ಅಮೆರಿಕದ ಹೆಸರಾಂತ ಯಹೂದಿ ಹಾಸ್ಯಗಾರ ಜೆರ್ರಿ ಸೈನ್‌ಫೆಲ್ಡ್ ಆ ವಯಸ್ಸಿನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಿಂದ ಇಸ್ರೇಲಿಗೆ ಹೋಗಿ, ಸಾರ್ ಎಂಬ ಕಿಬ್ಬುಟ್ಸ್‌ನ ಬಾಳೆತೋಟದಲ್ಲಿ ದುಡಿದಿದ್ದ. ಕಿಬ್ಬುಟ್ಸ್ ಎಂದರೆ ಎಲ್ಲರೂ ಕೂಡಿ ಗೇಯ್ದು, ಕೂಡಿ ಉಣ್ಣುವ ಹಳ್ಳಿ. ಬೆಳಬೆಳಗ್ಗೆಯೇ ಎದ್ದು ಬಾಳೆಗೊನೆ ಕೊಯ್ಯುವುದು ತನ್ನಂಥವನಿಗೆ ಒಗ್ಗುವ ಬಾಬತ್ತಲ್ಲ ಎಂದು ಆಮೇಲೆ ಆತ ಹೇಳಿಕೊಂಡು ಜನರನ್ನು ನಗಿಸಿದ. ಆತನ ಸೇವೆಯಿಂದ ಬಾಳೆಗೆ ಲಾಭವಾಯಿತೋ ಇಲ್ಲವೋ, ಹಾಸ್ಯಕ್ಕಂತೂ ಆಯಿತು. ರಾಜಕಾರಣಿ ಬರ್ನಿ ಸ್ಯಾಂಡರ್ಸ್ ಕೂಡ 1963ರಲ್ಲಿ ಇನ್ನೊಂದು ಕಿಬ್ಬುಟ್ಸ್‌ನಲ್ಲಿ ಕೆಲವು ತಿಂಗಳು ಇದ್ದವರು. ಸಮಾಜವಾದ ಅವರಿಗೆ ಅಲ್ಲಿ ಹತ್ತಿತೋ, ಹತ್ತಿಸಿಕೊಂಡೇ ಅಲ್ಲಿಗೆ ಹೋದರೋ, ಹೇಳುವುದು ಕಷ್ಟ. ಒಟ್ಟಿನಲ್ಲಿ ಒಬ್ಬನಿಗೆ ಬೇಡವೆನಿಸಿದ ಬೆಳಗಿನ ಜಾವ ಇನ್ನೊಬ್ಬನಿಗೆ ಜೀವಮಾನದ ಭಾಷಣಕ್ಕಾಗುವಷ್ಟು ಸಿಕ್ಕಿತು.

ಕಿಬ್ಬುಟ್ಸ್‌ಗಳ ಆ ಕಾಲ ಮುಗಿದಿದೆ. ಆದರೆ ಯಹೂದಿಗಳಲ್ಲಿ ಹದಿಹರೆಯದವರನ್ನು ಗಂಟುಮೂಟೆ ಕಟ್ಟಿಸಿ ಕಡಲಾಚೆ ಕಳಿಸುವ, ಜೊತೆಗೆ ಒಂದಿಷ್ಟು ಸಮಾಜಸೇವೆ ಮಾಡಿಸುವ ಹುಮ್ಮಸ್ಸು ಮುಗಿದಿಲ್ಲ. ಈಗ ಅದಕ್ಕೆ ಫೆಲೋಶಿಪ್ ಎಂಬ ಗತ್ತಿನ ಹೆಸರು ಬಂದಿದೆ. ಅರ್ಜಿ ಹಾಕಬೇಕು, ಪ್ರಬಂಧ ಬರೆಯಬೇಕು, ಸಂದರ್ಶನಕ್ಕೆ ಕೂರಬೇಕು.

ಅಂಥದೊಂದು ಫೆಲೋಶಿಪ್ಪಿನ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, ಮಗಳ ಮನೆಯ ಬೇಲಿಯಾಚೆಯಿಂದ. ಪಕ್ಕದ ಮನೆಯ ಯಹೂದಿ ಹುಡುಗಿ ಬೇಸಿಗೆಗೆ ಇಸ್ರೇಲಿಗೆ ಹೊರಟಿದ್ದಾಳೆ ಎಂದು ಮಗಳು ಹೇಳಿದಾಗ ನಮ್ಮವಳು ದೋಸೆಯ ಸೌಟು ಹಿಡಿದುಕೊಂಡೇ, “ಅಷ್ಟು ದೂರ ಹೆಣ್ಣುಮಗೂನ ಒಬ್ಬಳನ್ನೇ ಕಳಿಸ್ತಾರಾ?” ಎಂದಳು. “ಒಬ್ಬಳೇ ಅಲ್ಲಮ್ಮ, ಇಪ್ಪತ್ತು ಜನ.” ಇಪ್ಪತ್ತು ಎಂದ ಮೇಲೆ ನಮ್ಮವಳ ಚಿಂತೆ ಇಪ್ಪತ್ತು ಪಾಲು ಹೆಚ್ಚಿತೇ ಹೊರತು ಇಳಿಯಲಿಲ್ಲ.

ಡಿಲ್ಲರ್ ಟೀನ್ ಫೆಲೋಸ್ ಎಂದು ಅದರ ಹೆಸರು. 1998ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಆಸುಪಾಸಿನ ಮಕ್ಕಳಿಗೆಂದು ಆರಂಭವಾದದ್ದು ಈಗ ಉತ್ತರ ಅಮೆರಿಕದ ಬೇರೆ ಊರುಗಳಲ್ಲಿ, ಇಸ್ರೇಲ್, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳಲ್ಲಿ ಬೇರುಬಿಟ್ಟಿದೆ. ಒಂದೊಂದು ಊರಿನಿಂದ ಹತ್ತು, ಹನ್ನೊಂದನೇ ತರಗತಿಯ ಇಪ್ಪತ್ತು ಮಕ್ಕಳು. ವರ್ಷಪೂರ್ತಿ ಆಗಾಗ ಸೇರಿ ಓದುತ್ತಾರೆ, ವಾದಿಸುತ್ತಾರೆ, ತಮ್ಮೂರಿಗೆ ಬೇಕಾದ ಯಾವುದೋ ಒಂದು ಸೇವೆಯನ್ನು ತಾವೇ ಯೋಚಿಸಿ ತಾವೇ ನಡೆಸುತ್ತಾರೆ. ಇಸ್ರೇಲಿನ ಒಂದು ಊರು ಇವರಿಗೆ ಜೋಡಿ. ಅಲ್ಲಿನ ಮಕ್ಕಳು ವಸಂತದಲ್ಲಿ ಬಂದು ಇವರ ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಇವರು ಮೂರು ವಾರ ಅಲ್ಲಿಗೆ ಹೋಗುತ್ತಾರೆ. ಆ ಮೂರು ವಾರದಲ್ಲಿ ಒಂದಷ್ಟು ದಿನ ದೇಶ ಸುತ್ತಾಟ, ಒಂದಷ್ಟು ದಿನ ಜೋಡಿ ಊರಿನ ಮನೆಗಳಲ್ಲಿ ವಾಸ, ಕೊನೆಗೆ ಎಲ್ಲ ದೇಶಗಳಿಂದ ಬಂದವರೂ ಒಂದೆಡೆ ಕಲೆಯುವ ಜಾತ್ರೆ.

ನನಗೆ ಹಿಡಿಸಿದ್ದು ಈ ಸರದಿ. ಮೊದಲು ಮನೆಗೆ ಬಂದವರಿಗೆ ಹಾಸಿಗೆ ಹಾಸಿಕೊಡಬೇಕು. ಆಮೇಲೆ ಅವರ ಮನೆಗೆ ಹೋಗಿ ಮಲಗಬೇಕು. ಪಕ್ಕದ ಮನೆಗೂ ಒಬ್ಬ ಇಸ್ರೇಲಿ ಹುಡುಗಿ ಬಂದು ಇದ್ದಳಂತೆ. ಅವಳು ಬೆಳಗಿನ ತಿಂಡಿಗೆ ಸೌತೆಕಾಯಿ, ಟೊಮೇಟೊ ಹೆಚ್ಚಿಕೊಂಡು ತಿನ್ನುವುದನ್ನು ಕಂಡು ಈ ಮನೆಯವರು ಬೆರಗಾದರಂತೆ. ಇವರ ಸಕ್ಕರೆ ಮೆತ್ತಿದ ಸೀರಿಯಲ್ ಕಂಡು ಅವಳೂ ಬೆರಗಾದಳಂತೆ. ಇನ್ನೊಂದು ಸಂಗತಿ: ಇಲ್ಲಿ ಸೇವೆಯ ದೊಡ್ಡ ಪಾಲು ನಡೆಯುವುದು ಪರದೇಶದಲ್ಲಲ್ಲ, ಸ್ವಂತ ಊರಿನಲ್ಲಿ. ದೂರದ ಬಡವರ ಗೋಡೆಗೆ ಬಣ್ಣ ಬಳಿದು, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುವ ಸೇವಾಪ್ರವಾಸಗಳ ಬಗ್ಗೆ ನನಗೆ ಹಳೆಯ ಗುಮಾನಿಯಿದೆ. ಆ ಗೋಡೆಗೆ ಬಣ್ಣ ಬಳಿಯಬಲ್ಲವರು ಆ ಊರಿನಲ್ಲೇ ಇರುತ್ತಾರೆ. ಅವರಿಗೆ ಕೆಲಸವಿರುವುದಿಲ್ಲ, ಅಷ್ಟೆ.

“ಎಲ್ಲ ಕಾಲೇಜ್ ಅಡ್ಮಿಷನ್‌ಗೆ ಅಪ್ಪಾ” ಎಂದು ಮಗಳು ಒಂದೇ ಮಾತಿನಲ್ಲಿ ಎಲ್ಲವನ್ನೂ ಬಗೆಹರಿಸಿಬಿಟ್ಟಳು. ಇರಬಹುದು. ಅಮೆರಿಕದಲ್ಲಿ ಹದಿನಾರರ ಮಗು ಸೀನಿದರೂ ಅದನ್ನು ಅರ್ಜಿಯಲ್ಲಿ ಯಾವ ಕಾಲಮ್ಮಿಗೆ ಸೇರಿಸಬೇಕೆಂದು ಅಪ್ಪ ಅಮ್ಮ ಕೂತು ಚರ್ಚಿಸುತ್ತಾರೆ. ನಮ್ಮವರೇನು ಕಮ್ಮಿಯಿಲ್ಲ.

ದುಡ್ಡು ಯಾರದು ಎಂಬ ಕುತೂಹಲ ನನ್ನದು. ಪರರ ಖರ್ಚಿನ ಬಗ್ಗೆ ಕುತೂಹಲ ನಿವೃತ್ತರ ಹಕ್ಕು. ಹೆಲೆನ್ ಡಿಲ್ಲರ್ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬೆಳೆದಾಕೆ. ಗಂಡ ಸ್ಯಾನ್‌ಫರ್ಡ್ ರಿಯಲ್ ಎಸ್ಟೇಟಿನಲ್ಲಿ ಗಳಿಸಿದವರು. ಹೆಲೆನ್ 2015ರಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನ 2017ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ 50 ಕೋಟಿ ಡಾಲರ್ ದಾನ ಘೋಷಿಸಿತು. ಸಮಾಜಸೇವೆಯಲ್ಲಿ ಹೆಸರು ಮಾಡಿದ ಯಹೂದಿ ಹದಿಹರೆಯದವರಿಗೆ 2007ರಿಂದ ಪ್ರಶಸ್ತಿಯನ್ನೂ ಕೊಡುತ್ತ ಬಂದಿದೆ. ತಲಾ 36,000 ಡಾಲರ್. ಮೂವತ್ತೈದೋ ನಲವತ್ತೋ ಆಗದೆ ಮೂವತ್ತಾರು ಯಾಕೆ? ಹೀಬ್ರೂವಿನಲ್ಲಿ ಅಕ್ಷರಗಳಿಗೆ ಸಂಖ್ಯೆಯ ಬೆಲೆಯಿದೆ. ಜೀವ ಎಂಬರ್ಥದ ಪದದ ಬೆಲೆ ಹದಿನೆಂಟು. ಆದ್ದರಿಂದ ಎಷ್ಟೋ ಉಡುಗೊರೆ, ದಾನಗಳು ಹದಿನೆಂಟರ ಮಗ್ಗಿಯಲ್ಲಿ ನಡೆಯುತ್ತವೆ, ನಾವು ಮುಯ್ಯಿಗೆ ನೂರರ ಮೇಲೊಂದು ರೂಪಾಯಿ ಇಟ್ಟ ಹಾಗೆ.

ಇನ್ನೊಂದು ಫೆಲೋಶಿಪ್ಪಿನ ದುಡ್ಡು ಮೂಲದಲ್ಲಿ ವಿಸ್ಕಿಯದು. ಕೆನಡಾದ ಮಾಂಟ್ರಿಯಲ್‌ನ ಸ್ಯಾಮ್ಯುಯೆಲ್ ಬ್ರಾನ್ಫ್‌ಮನ್ ಸೀಗ್ರಾಮ್ ಕಂಪನಿಯನ್ನು ಕಟ್ಟಿದಾತ. ಪಕ್ಕದ ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ನೆರೆಮನೆಯಲ್ಲಿ ಮಡಿ ಹೆಚ್ಚಾದರೆ ಈಚೆ ಮನೆಯ ಅಂಗಡಿಗೆ ವ್ಯಾಪಾರ ಹೆಚ್ಚುವುದು ಲೋಕರೂಢಿ. ಸ್ಯಾಮ್ಯುಯೆಲ್ ಅವರ ಮಗ ಎಡ್ಗರ್ 1987ರಲ್ಲಿ ಬ್ರಾನ್ಫ್‌ಮನ್ ಫೆಲೋಶಿಪ್ ಆರಂಭಿಸಿದರು. ಇನ್ನೊಬ್ಬ ಮಗ ಚಾರ್ಲ್ಸ್, ಮೈಕೆಲ್ ಸ್ಟೈನ್‌ಹಾರ್ಟ್ ಜೊತೆ ಸೇರಿ 1999ರಲ್ಲಿ ಬರ್ತ್‌ರೈಟ್ ಎಂಬ ಹತ್ತು ದಿನದ ಉಚಿತ ಇಸ್ರೇಲ್ ಪ್ರವಾಸ ಹುಟ್ಟುಹಾಕಿದರು. ಅದು ಹದಿನೆಂಟು ದಾಟಿದವರಿಗೆ. ಈವರೆಗೆ ಏಳು ಲಕ್ಷಕ್ಕೂ ಮೀರಿ ಹೋಗಿಬಂದಿದ್ದಾರೆ. ಎಡ್ಗರ್‌ದು ಇದಕ್ಕೆ ತದ್ವಿರುದ್ಧ ಲೆಕ್ಕಾಚಾರ: ವರ್ಷಕ್ಕೆ ಬರೀ ಇಪ್ಪತ್ತಾರು ಮಂದಿ. ಅದರಲ್ಲಿ ಕಟ್ಟಾ ಸಂಪ್ರದಾಯಸ್ಥರ ಮಕ್ಕಳೂ ಇರುತ್ತಾರೆ, ಸಿನಗಾಗ್ ಎಂಬ ಪ್ರಾರ್ಥನಾಮಂದಿರದ ಮೆಟ್ಟಿಲು ಹತ್ತದವರ ಮಕ್ಕಳೂ ಇರುತ್ತಾರೆ. ವಾರದ ವಿಶ್ರಾಂತಿಯ ದಿನವಾದ ಶನಿವಾರ ಒಬ್ಬ ಫೋನ್ ಮುಟ್ಟುವುದಿಲ್ಲ, ಅವನ ಕೋಣೆಯವನು ಫೋನ್ ಬಿಡುವುದಿಲ್ಲ. ಬೇಸಿಗೆಯಲ್ಲಿ ಕೆಲವು ವಾರ ಇಸ್ರೇಲಿನಲ್ಲಿ ಬೇರೆ ಬೇರೆ ಪಂಥದ ಗುರುಗಳ ಮುಂದೆ ಕೂತು ಹಳೆಯ ಗ್ರಂಥಗಳನ್ನಿಟ್ಟುಕೊಂಡು ಜಗಳವಾಡುತ್ತಾರೆ. ಊರಿಗೆ ಮರಳಿದ ಮೇಲೆ ತಂತಮ್ಮಲ್ಲಿ ಸೇವಾಕಾರ್ಯ. ಕಾದಂಬರಿಕಾರ ಜೊನಾಥನ್ ಸ್ಯಾಫ್ರನ್ ಫೋಯರ್ ಈ ಗುಂಪಿನಿಂದ ಬಂದವರು.

ಈ ಫೆಲೋಗಳ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಏಂಜೆಲಾ ಬುಕ್‌ಡಾಲ್. 1972ರಲ್ಲಿ ಕೊರಿಯಾದ ಸೋಲ್‌ನಲ್ಲಿ ಹುಟ್ಟಿದಾಕೆ. ತಾಯಿ ಕೊರಿಯಾದ ಬೌದ್ಧೆ, ತಂದೆ ಅಮೆರಿಕದ ಯಹೂದಿ. ಬೆಳೆದದ್ದು ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ, ಅಪ್ಪನ ಕಡೆಯವರ ಸಿನಗಾಗ್‌ನಲ್ಲಿ. ಒಂದು ವರ್ಷ ಪಾಸೋವರ್ ಹಬ್ಬದ ತಟ್ಟೆಯಲ್ಲಿ ಅಮ್ಮ ಕಿಮ್ಚಿ, ಅಂದರೆ ಎಲೆಕೋಸಿನ ಆ ಖಾರದ ಕೊರಿಯನ್ ಉಪ್ಪಿನಕಾಯಿ, ಇಟ್ಟಿದ್ದಳಂತೆ. ಪೂರ್ವಜರು ಪಟ್ಟ ಗುಲಾಮಗಿರಿಯ ಕಷ್ಟ ನೆನೆಯಲು ಕಹಿ, ಖಾರದ್ದೇನಾದರೂ ತಿನ್ನಬೇಕೆನ್ನುವ ಹಬ್ಬ ಅದು. ಕಿಮ್ಚಿಗಿಂತ ಯೋಗ್ಯ ವಸ್ತು ಇದ್ದೀತೇ? ಟಕೋಮಾದಲ್ಲಿ ಆ ಹುಡುಗಿಯನ್ನು ನೀನು ಯಹೂದಿಯೇ ಎಂದು ಯಾರೂ ಕೇಳಿರಲಿಲ್ಲ. ಹದಿನಾರಕ್ಕೆ ಬ್ರಾನ್ಫ್‌ಮನ್ ಫೆಲೋ ಆಗಿ ಇಸ್ರೇಲಿಗೆ ಹೋದಾಗ ಆ ಪ್ರಶ್ನೆ ಎದುರಾಯಿತು. ಸಾಂಪ್ರದಾಯಿಕ ಶಾಸ್ತ್ರದಂತೆ ಕುಲ ಬರುವುದು ತಾಯಿಯಿಂದ. ಅಮೆರಿಕದ ಸುಧಾರಣಾವಾದಿ ಪಂಥ 1983ರಲ್ಲೇ ತಂದೆಯ ಕಡೆಯಿಂದಲೂ ಒಪ್ಪಿಕೊಂಡಿತ್ತು. ಆದರೆ ಜೊತೆಗೆ ಹೋದ ಮಕ್ಕಳೆಲ್ಲ ಆ ಪಂಥದವರಲ್ಲವಲ್ಲ.

ಹೀಗೆ ತನ್ನವರ ನಡುವೆ ತಾನು ಇದ್ದೇನೆಂದುಕೊಂಡವಳು ತನ್ನವರದೇ ದೇಶದಲ್ಲಿ ಹೊರಗಿನವಳಾದಳು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಮತ್ತೆ ಇಸ್ರೇಲಿನಲ್ಲಿದ್ದಾಗ ಅಮ್ಮನಿಗೆ ಫೋನ್ ಮಾಡಿ, ಇನ್ನು ಯಹೂದಿಯಾಗಿ ಇರಲಾರೆ ಎಂದು ಗೋಳಾಡಿದಳು. ಆ ಬೌದ್ಧ ತಾಯಿ ಉಪದೇಶ ಮಾಡಲಿಲ್ಲ, ಬೈಯಲಿಲ್ಲ; ಅದು ಸಾಧ್ಯವಾಗುವ ಮಾತೇ ಎಂದು ಕೇಳಿದಳಂತೆ. ಅದಾಗದ ಮಾತೆಂದು ಮಗಳಿಗೆ ಹೊಳೆಯಿತು. ಶಾಸ್ತ್ರೋಕ್ತವಾಗಿ ನೀರಿನಲ್ಲಿ ಮುಳುಗೆದ್ದು ವಿಧಿ ಪೂರೈಸಿದಳು, 2001ರಲ್ಲಿ ರಬ್ಬಿ, ಅಂದರೆ ಧರ್ಮಗುರು, ಆದಳು, 2014ರಿಂದ ನ್ಯೂಯಾರ್ಕಿನ ಸೆಂಟ್ರಲ್ ಸಿನಗಾಗ್‌ನ ಹಿರಿಯ ರಬ್ಬಿ. ರಬ್ಬಿ ಪದವಿಗೇರಿದ ಮೊದಲ ಏಷ್ಯನ್ ಅಮೆರಿಕನ್. ಬ್ರಾನ್ಫ್‌ಮನ್ ದುಡ್ಡಿಗೆ ಇದಕ್ಕಿಂತ ದೊಡ್ಡ ಬಡ್ಡಿ ಬಂದಿರಲಾರದು. ಮಕ್ಕಳಿಗೆ ಹೆಮ್ಮೆ ಕಟ್ಟಿ ಕಳಿಸೋಣವೆಂದು ದೊಡ್ಡವರು ವಿಮಾನ ಹತ್ತಿಸುತ್ತಾರೆ; ಬುದ್ಧಿಯಿರುವ ಮಗು ಮಾತ್ರ ಸಂಕಟ ಕಟ್ಟಿಕೊಂಡು ಬರುತ್ತದೆ.

ಯಹೂದಿ ಹಿರಿಯರಿಗೆ ಈ ಪಾಟಿ ಆತುರ ಯಾಕೆಂದರೆ, ಹದಿಮೂರಕ್ಕೆ ಬಾರ್ ಮಿಟ್ಜ್ವಾ ಆಗುತ್ತದೆ. ಹುಡುಗ ಎಲ್ಲರೆದುರು ಧರ್ಮಗ್ರಂಥ ತೋರಾ ಓದುತ್ತಾನೆ, ಊಟ, ಕುಣಿತ, ಉಡುಗೊರೆ ಎಲ್ಲ ಮುಗಿಯುತ್ತದೆ, ಮಾರನೇ ವಾರದಿಂದ ಅವನು ಸಿನಗಾಗ್ ಕಡೆ ತಲೆಹಾಕುವುದಿಲ್ಲ. ಕಾಲೇಜಿಗೆ ಹೋದಮೇಲಂತೂ ಕೈಗೆ ಸಿಗುವುದಿಲ್ಲ. ನಡುವಿನ ಆ ಮೂರ್ನಾಲ್ಕು ವರ್ಷದಲ್ಲಿ ಹಿಡಿದರೆ ಹಿಡಿದಂತೆ. ಪೂಜೆಗೆ ಕರೆದರೆ ಬಾರದವರು ‘ಟಿಕ್ಕುನ್ ಓಲಾಮ್’ ಎಂದರೆ, ಒಡೆದ ಲೋಕವನ್ನು ರಿಪೇರಿ ಮಾಡೋಣ ಎಂದರೆ, ಬರುತ್ತಾರೆ. ವಿಮಾನದ ಟಿಕೆಟ್ ಕೊಟ್ಟರೆ ಇನ್ನೂ ಬೇಗ ಬರುತ್ತಾರೆ.

ರಿಪೇರಿ ಎಂದಾಗ ಕೇಳದೆ ಇರಲಾಗದ ಮಾತೊಂದಿದೆ. ಪ್ರವಾಸದ ಬಸ್ಸು ಯಾವ ಬೀದಿಯಲ್ಲಿ ಹೋಗುತ್ತದೆ, ಯಾವ ಬೀದಿಯನ್ನು ಬಳಸಿಕೊಂಡು ಹೋಗುತ್ತದೆ? 2018ರ ಜೂನಿನಲ್ಲಿ ಬರ್ತ್‌ರೈಟ್ ಪ್ರವಾಸದ ಐವರು ಯುವತಿಯರು ನಡುವೆಯೇ ಗುಂಪು ಬಿಟ್ಟು, ಪ್ಯಾಲೆಸ್ತೀನಿಯರ ಪಾಡು ನೋಡಲು ಹೆಬ್ರಾನ್‌ಗೆ ಹೊರಟುಬಿಟ್ಟರು. ದೊಡ್ಡ ಗದ್ದಲವಾಯಿತು. ಪ್ರಶ್ನೆ ಕೇಳುವುದನ್ನೇ ಮನೆತನದ ಆಸ್ತಿಯೆಂದು ಹೇಳಿಕೊಳ್ಳುವ ಜನ ತಮ್ಮ ಮಕ್ಕಳು ಕೇಳಿದ್ದಕ್ಕೆ ಯಾಕೆ ಅಷ್ಟು ಕೆಂಡವಾಗಬೇಕಿತ್ತೋ! ಗಾಜಾದ ಯುದ್ಧದ ನಂತರವಂತೂ ಆ ಪ್ರಶ್ನೆ ಯಾವ ಬಸ್ಸಿನಲ್ಲೂ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರುವಂತಿಲ್ಲ. 2025ರ ಜೂನಿನಲ್ಲಿ ಇರಾನ್ ಜೊತೆ ಕಾಳಗ ಶುರುವಾಗಿ ಆಕಾಶಮಾರ್ಗ ಮುಚ್ಚಿದಾಗ ಬರ್ತ್‌ರೈಟ್‌ನ ಸುಮಾರು 1,500 ಮಂದಿಯನ್ನು ಹಡಗಿನಲ್ಲಿ ಸೈಪ್ರಸ್‌ಗೆ ಸಾಗಿಸಬೇಕಾಯಿತು. ನಮ್ಮವಳ ಚಿಂತೆ ತೀರ ಆಧಾರವಿಲ್ಲದ್ದಾಗಿರಲಿಲ್ಲ.

ಇಸ್ರೇಲ್ ಒಂದೇ ಅಲ್ಲ, ಮುಂಬಯಿಗೂ ಯಹೂದಿ ಸ್ವಯಂಸೇವಕರು ಬರುತ್ತಾರೆ. ಗೇಬ್ರಿಯಲ್ ಪ್ರಾಜೆಕ್ಟ್ ಎಂಬ ಸಂಸ್ಥೆ 2012ರಿಂದ ಠಾಣೆ ಕಡೆಯ ಕಳವಾ ಕೊಳೆಗೇರಿಗಳಲ್ಲಿ ಮಕ್ಕಳಿಗೆ ಪಾಠದ ಜೊತೆ ಊಟ ಕೊಡುತ್ತಿದೆ. ಅಡುಗೆ ಮಾಡುವವರು ಅಲ್ಲಿಯದೇ ಹೆಂಗಸರು. ಬಂದ ತರುಣರು ಕೆಲವು ವಾರ ಕಲಿಸಿ ಹೊರಡುತ್ತಾರೆ, ಒಲೆ ಹೊರಡುವುದಿಲ್ಲ.

ಆ ತರುಣರನ್ನು ಮಸ್ಜಿದ್ ಬಂದರಿನ ಹಳೆಯ ಸಿನಗಾಗ್‌ಗೆ ಯಾರಾದರೂ ಕರೆದೊಯ್ದರೆ ನಮ್ಮ ಕನ್ನಡನಾಡಿನ ಸುದ್ದಿಯೂ ಬಂದೇ ಬರುತ್ತದೆ. ಅದನ್ನು 1796ರಲ್ಲಿ ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಬೆನೆ ಇಸ್ರೇಲಿ, ಅಂದರೆ ಕೊಂಕಣ ಸೀಮೆಯ ಯಹೂದಿ. ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕ. ಈ ಬೆನೆ ಇಸ್ರೇಲ್ ಎಂಬ ಹೆಸರು ಕುರಾನಿನಲ್ಲಿದೆ, ಇವರನ್ನು ಬಿಟ್ಟುಬಿಡು ಎಂದು ಟಿಪ್ಪುವಿನ ತಾಯಿ ಹೇಳಿದಳೆಂದೂ, ಬದುಕಿದರೆ ಗುಡಿ ಕಟ್ಟಿಸುತ್ತೇನೆಂದು ಹೊತ್ತ ಹರಕೆಯನ್ನು ಆತ ತೀರಿಸಿದನೆಂದೂ ಆ ಸಮುದಾಯದವರು ಹೇಳುವ ಕತೆ. ಅದಕ್ಕೂ ಆರೂವರೆ ಶತಮಾನ ಹಿಂದೆ ಟ್ಯುನೀಶಿಯಾದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹದಿನೇಳು ವರ್ಷ ನೆಲೆಸಿ, ಕಂಚಿನ ಕಾರ್ಖಾನೆ ನಡೆಸಿ, ಆಶು ಎಂಬ ಹೆಣ್ಣನ್ನು ಮದುವೆಯಾಗಿದ್ದ. ಅವನ ಆಳು ಬೊಮ್ಮ ಸರಕಿನ ಜೊತೆ ಏಡನ್‌ವರೆಗೂ ಹೋಗಿಬರುತ್ತಿದ್ದ. ಅಲ್ಲಿ ಕುಡಿದು ದುಡ್ಡು ಹಾಳುಮಾಡುತ್ತಾನೆಂದು ದೂರಿನ ಕಾಗದವೂ ಬಂತು. ಕೈರೋದ ಸಿನಗಾಗ್‌ನ ಉಗ್ರಾಣದಲ್ಲಿ ಸಿಕ್ಕ ಆ ಕಾಗದಗಳ ಬೆನ್ನುಹತ್ತಿ ಅಮಿತಾವ್ ಘೋಷ್ 1992ರಲ್ಲಿ ಪುಸ್ತಕ ಬರೆದರು. ಬೊಮ್ಮ ಗುಲಾಮ, ಫೆಲೋ ಅಲ್ಲ, ನಿಜ. ಆದರೂ ಹುಡುಗರನ್ನು ಕಡಲಾಚೆ ಕಳಿಸಿದವರಿಗೆ ಎಂಥ ವರದಿ ಬರಬಹುದೆಂಬುದಕ್ಕೆ ಅದು ಹಳೆಯ ದಾಖಲೆ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ನಾನು ಸುಮ್ಮನಿರಬೇಕಿತ್ತು. ಮಗಳ ಊರಿನ ಕನ್ನಡಿಗರು ಯುಗಾದಿ ಹಬ್ಬದ ತಯಾರಿಗೆ ಸಭೆ ಸೇರಿದ್ದಾಗ, ನಾವೂ ಇಪ್ಪತ್ತು ಮಕ್ಕಳನ್ನು ಆರಿಸಿ ವರ್ಷವೆಲ್ಲ ಕನ್ನಡ ಓದಿಸಿ, ಇಲ್ಲೇ ಸೇವೆ ಮಾಡಿಸಿ, ಬೇಸಿಗೆಯಲ್ಲಿ ಕರ್ನಾಟಕಕ್ಕೆ ಯಾಕೆ ಕಳಿಸಬಾರದು ಎಂದುಬಿಟ್ಟೆ. ಸಲಹೆಯನ್ನು ಎಲ್ಲರೂ ಮೆಚ್ಚಿದರು. ಮೆಚ್ಚಿ ಕೊಲ್ಲುವ ಕಲೆ ನಮ್ಮವರಿಗೆ ಕರಗತ. “ಸರ್ವಿಸ್ ಅವರ್ಸ್‌ಗೆ ಯಾರು ಸಹಿ ಹಾಕ್ತಾರೆ ಸರ್?” ಎಂದರೊಬ್ಬರು. “ಬೇಸಿಗೇಲಿ ನಮ್ಮೂರಲ್ಲಿ ಕರೆಂಟೇ ಇರಲ್ಲ” ಎಂದರು ರಾಯಚೂರಿನವರು. ಮೂಲೆಯಲ್ಲಿ ಫೋನ್ ಒತ್ತುತ್ತ ಕೂತಿದ್ದ ಮೊಮ್ಮಗ ತಲೆಯೆತ್ತದೆ ಕೇಳಿದ: “ಅಲ್ಲಿಂದ ಇಪ್ಪತ್ತು ಜನ ಇಲ್ಲಿಗೆ ಬರ್ತಾರಾ ತಾತ? ಅವರೆಲ್ಲಿ ಇರ್ತಾರೆ?”

ಮಾತು ವೀಸಾಕ್ಕೆ ತಿರುಗಿತು. ಅಮೆರಿಕದ ಕನ್ನಡಿಗರ ಸಭೆಯಲ್ಲಿ ವೀಸಾದ ಮಾತು ಬಂದರೆ ಅಡುಗೆಯವನೂ ಒಲೆ ಆರಿಸಿ ಬಂದು ಕೂರುತ್ತಾನೆ. ಆ ಬಿಸಿ ಆರಿದ ಮೇಲೆ ಖಜಾಂಚಿಯವರು ಹೋಳಿಗೆಯ ಲೆಕ್ಕ ತೆಗೆದರು. ಎದ್ದು ಹೊರಡುವಾಗ ಹಾಸನದ ಕಡೆಯ ಹೆಂಗಸೊಬ್ಬರು ನನ್ನ ಬಳಿ ಬಂದು, “ಅಂಕಲ್, ನಮ್ಮ ಮೇಲಿನ ಕೋಣೆ ಖಾಲಿಯೇ ಇದೆ. ಊರಿಂದ ಬಂದರೆ ಇಬ್ಬರು ಹುಡುಗೀರನ್ನ ನಾನಿಟ್ಟುಕೊಳ್ತೀನಿ. ಆದರೆ ತಟ್ಟೆ ಅವರೇ ತೊಳೀಬೇಕು, ಈಗಲೇ ಹೇಳಿದೀನಿ” ಎಂದರು.