ಮುಖದಾಕ್ಷಿಣ್ಯದ ಸಂತೆ

ಅಂಗಡಿಯಲ್ಲಿ ‘ಬೇಡ’ ಅನ್ನುವುದು ಸುಲಭ, ಸಂತೆಯಲ್ಲಿ ಬಲು ಕಷ್ಟ. ದೊಡ್ಡ ಮಾಲಿಗೆ ಹೋಗಿ ಗಂಟೆಗಟ್ಟಲೆ ಅಂಗಿಗಳನ್ನು ಎಳೆದಾಡಿ, ಹಾಕಿ, ಬಿಚ್ಚಿ, ಒಂದನ್ನೂ ಕೊಳ್ಳದೆ ಕೈಬೀಸಿಕೊಂಡು ಬಂದರೂ ನಮಗೇನೂ ಅನ್ನಿಸುವುದಿಲ್ಲ. ಆ ಅಂಗಿಗಳಿಗೂ ನಮಗೂ ಯಾವ ಹಂಗೂ ಇಲ್ಲ. ಅದೇ ಭಾನುವಾರದ ಸಂತೆಯಲ್ಲಿ ಒಂದು ಮರದ ನೆರಳು, ನೆರಳಲ್ಲೊಂದು ಮೇಜು, ಮೇಜಿನ ಮೇಲೆ ಕೈಯಾರೆ ಮಾಡಿದ ನಾಲ್ಕು ಸಾಬೂನು, ಹಿಂದೆ ಅವನ್ನು ಮಾಡಿದ ಹೆಣ್ಣುಮಗಳು ಇಷ್ಟಿದ್ದರೆ ಮುಗಿಯಿತು. ಒಂದನ್ನು ಕೈಗೆತ್ತಿಕೊಂಡು ಮೂಸಿದಿರೋ, ಮತ್ತೆ ಕೆಳಗಿಡಲು ಎಂಟೆದೆ ಬೇಕು. ಆಕೆ ಏನೂ ಒತ್ತಾಯ ಮಾಡುವುದಿಲ್ಲ, ಸುಮ್ಮನೆ ನಿಮ್ಮ ಮುಖ ನೋಡುತ್ತಾಳೆ. ನಮ್ಮ ಮನೆಯ ಬಚ್ಚಲಲ್ಲಿ ಬೇವು, ಅರಿಸಿನ, ಲಾವಂಚದ ಸಾಬೂನುಗಳು ಸಾಲಾಗಿ ಕೂತಿರುವುದು ಹೀಗೆ.

ಬೆಂಗಳೂರಿನಲ್ಲಿ ಇಂಥ ವಾರಾಂತ್ಯದ ಸಂತೆಗಳು ಈಗ ಬೇಕಾದಷ್ಟು. ಒಂದು ಕಡೆ ಶಾಲೆಯ ಮೈದಾನ, ಇನ್ನೊಂದು ಕಡೆ ಅಪಾರ್ಟ್‌ಮೆಂಟಿನ ಅಂಗಳ, ಮತ್ತೊಂದು ಕಡೆ ಕಲ್ಯಾಣ ಮಂಟಪ. ರಂಗಕರ್ಮಿ ಪ್ರಸನ್ನ ಮತ್ತು ಅವರ ಗ್ರಾಮ ಸೇವಾ ಸಂಘದವರು ಬನ್ನೇರುಘಟ್ಟ ರಸ್ತೆಯಲ್ಲಿ ‘ರಾಗಿ ಕಣ’ ಎಂಬ ಭಾನುವಾರದ ಸಂತೆಯನ್ನೇ ಕಟ್ಟಿದರು. 2017ರಲ್ಲಿ ಜಿಎಸ್‌ಟಿ ಬಂದಾಗ, ಕೈಯಿಂದ ಮಾಡಿದ ಪದಾರ್ಥಕ್ಕೆ ತೆರಿಗೆ ಹಾಕಬೇಡಿ ಎಂದು ಉಪವಾಸ ಕೂತವರು ಇದೇ ಪ್ರಸನ್ನ. ಸಾಗರದ ಹತ್ತಿರ ಹೆಗ್ಗೋಡಿನ ಸೀಮೆಯಲ್ಲಿ ಅವರು ಹುಟ್ಟುಹಾಕಿದ ‘ಚರಕ’ದ ಹೆಣ್ಣುಮಕ್ಕಳು ಅಡಿಕೆ ಚೊಗರಿನಲ್ಲಿ ಬಣ್ಣ ಕಟ್ಟಿದ ಬಟ್ಟೆ ನೇಯುತ್ತಾರೆ. ಅಡಿಕೆ ಬೇಯಿಸಿ ಉಳಿದ ಆ ಕೆಂಪು ರಸ ನಮ್ಮ ಕಡೆಯ ಅಜ್ಜಂದಿರ ಬಿಳಿ ಪಂಚೆಗೆ ತಗಲಿ ಬೈಗುಳ ತಿನ್ನುತ್ತಿತ್ತು. ಈಗ ಅದೇ ಕಲೆ ಜುಬ್ಬಾ ಆಗಿ, ಮೊಮ್ಮಕ್ಕಳು ದುಡ್ಡು ಕೊಟ್ಟು ತೊಡುತ್ತಾರೆ. ಕಾಲಾಯ ತಸ್ಮೈ ನಮಃ.

ಪಟ್ಟಣದವರಿಗೆ ಇದು ಹೊಸ ಸಡಗರ, ಆದರೆ ಸಂತೆ ನಮಗೆ ಹೊಸದೇನಲ್ಲ. ಸಂತೇಬೆನ್ನೂರು, ಸಂತೇಮರಹಳ್ಳಿ, ಕಾದಂಬರಿಕಾರ ಭೈರಪ್ಪನವರು ಹುಟ್ಟಿದ ಸಂತೇಶಿವರ, ಹೀಗೆ ಊರಿನ ಹೆಸರಲ್ಲೇ ಸಂತೆ ಕಟ್ಟಿಕೊಂಡವರು ನಾವು. ಕೊಡಗಿನಲ್ಲಂತೂ ಶನಿವಾರಸಂತೆ ಎಂಬ ಊರೇ ಇದೆ. ವಿಳಾಸ ಬರೆದರೆ ಸಾಕು, ಯಾವತ್ತು ಚೀಲ ಹಿಡಿದು ಹೋಗಬೇಕೆಂಬುದೂ ಅದರಲ್ಲೇ ಬಂತು. ಹಿಂದೆ ವ್ಯಾಪಾರಿಗಳು ಎತ್ತಿನ ಗಾಡಿಯಲ್ಲಿ ಸೋಮವಾರ ಒಂದು ಊರು, ಮಂಗಳವಾರ ಇನ್ನೊಂದು ಊರು ಎಂದು ಸುತ್ತುತ್ತಿದ್ದರು. ಈಗ ಗಾಡಿ ಹೋಗಿ ಟೆಂಪೊ ಬಂದಿದೆ, ಸುತ್ತು ಮಾತ್ರ ಅದೇ.

ಈ ಸುತ್ತಿನಲ್ಲೊಂದು ಮರ್ಮವಿದೆ. ಸಂತೆಗೆ ಮೂರು ಮೊಳ ನೇಯ್ದ ಹಾಗೆ ಎಂದು ನಾವು ಅವಸರದ ಕೆಲಸವನ್ನು ಹೀಯಾಳಿಸುತ್ತೇವೆ. ಆದರೆ ಆ ಮೂರು ಮೊಳದ ನೇಕಾರ ಬರುವ ವಾರವೂ ಅದೇ ಹುಣಸೆಮರದ ಕೆಳಗೆ ಅದೇ ಜಾಗದಲ್ಲಿ ಗಂಟು ಬಿಚ್ಚಬೇಕು. ಒಂದೇ ಒಗೆತಕ್ಕೆ ಬಣ್ಣ ಬಿಟ್ಟ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಒಬ್ಬಾಕೆ ಬಂದು ನಿಂತರೆ ಅವನು ತಪ್ಪಿಸಿಕೊಂಡು ಹೋಗುವುದೆಲ್ಲಿಗೆ? ಗ್ರಾಹಕರ ವೇದಿಕೆ, ಸಹಾಯವಾಣಿ ಒಂದೂ ಇಲ್ಲದ ಕಾಲದಲ್ಲಿ ವ್ಯಾಪಾರವನ್ನು ನೆಟ್ಟಗಿಟ್ಟದ್ದು ಮುಂದಿನ ವಾರ ಮುಖ ತೋರಿಸಬೇಕಲ್ಲ ಎಂಬ ಅಳುಕು. ಹಾಗೆಂದು ಸಂತೆಯೆಲ್ಲ ಸತ್ಯಹರಿಶ್ಚಂದ್ರರಿಂದ ತುಂಬಿತ್ತೆಂದು ಯಾರೂ ತಿಳಿಯಬಾರದು. ಸಂತೆ ನೆರೆಯುವ ಮೊದಲೇ ಗಂಟುಕಳ್ಳರು ನೆರೆದರು ಎಂಬ ಗಾದೆಯನ್ನೂ ಕಟ್ಟಿದವರು ಅದೇ ಜನ.

ದಾಕ್ಷಿಣ್ಯ ಕೊಳ್ಳುವವನಿಗಷ್ಟೇ ಅಂಟಿದ ರೋಗವೂ ಅಲ್ಲ. ಸೊಪ್ಪಿನವಳು ತೂಗಿದ ಮೇಲೆ ತಕ್ಕಡಿಗೆ ಇನ್ನೊಂದು ಹಿಡಿ ಹಾಕುತ್ತಾಳಲ್ಲ, ಆ ಕೊಸರು ಯಾವ ಲೆಕ್ಕದ್ದು? ಚೀಲದ ಬಾಯಿಗೆ ತುರುಕುವ ಬಿಟ್ಟಿ ಕರಿಬೇವು ಯಾವ ಬಿಲ್ಲಿನಲ್ಲಿದೆ? ಮೊದಲೆಲ್ಲ ಚೌಕಾಸಿಯೂ ಕೊಸರೂ ಇಬ್ಬರ ನಡುವೆ ಗುಟ್ಟಾಗಿ ಮುಗಿಯುತ್ತಿದ್ದವು. ಈಗ ಮೇಜಿನ ಮೇಲೊಂದು ಪುಟ್ಟ ಡಬ್ಬಿ ಕೂತಿರುತ್ತದೆ, ಫೋನಿನಿಂದ ದುಡ್ಡು ಹಾಕಿದ ಕೂಡಲೇ ಎಷ್ಟು ಬಂತೆಂದು ಊರಿಗೆಲ್ಲ ಕೇಳುವಂತೆ ಸಾರುತ್ತದೆ. ‘ನಿಮಗೆ ಅಂತ ಇನ್ನೂರೈವತ್ತಕ್ಕೆ ಕೊಡ್ತೀನಿ ಸಾರ್, ಯಾರಿಗೂ ಹೇಳಬೇಡಿ’ ಎಂದು ವ್ಯಾಪಾರಿ ಪಿಸುಗುಟ್ಟಿ ಮುಗಿಸುವಷ್ಟರಲ್ಲಿ ಡಬ್ಬಿ ‘ಇನ್ನೂರ ಐವತ್ತು ರೂಪಾಯಿ’ ಎಂದು ಕೂಗಿಬಿಡುತ್ತದೆ. ಅದೇ ಬುಟ್ಟಿಯನ್ನು ಆಗಷ್ಟೇ ಮುನ್ನೂರೈವತ್ತಕ್ಕೆ ಕೊಂಡ ಹೆಂಗಸು ಅಲ್ಲೇ ನಿಂತು ಕೈಚೀಲದ ಜಿಪ್ ಎಳೆಯುತ್ತಿರುತ್ತಾಳೆ. ಮುಂದಿನದನ್ನು ಹೇಳಬೇಕಾಗಿಲ್ಲ. ಯಂತ್ರಕ್ಕೆ ಎಲ್ಲ ಬಂದರೂ ದಾಕ್ಷಿಣ್ಯವೊಂದು ಬರಲಿಲ್ಲ.

ಚೌಕಾಸಿಯ ಬಾಯಿಯನ್ನು ಮಾತಿಲ್ಲದೆ ಮುಚ್ಚಿಸಿದವರನ್ನೂ ಕಂಡಿದ್ದೇನೆ. ಚನ್ನಪಟ್ಟಣದಿಂದ ಬಂದ ಒಬ್ಬರು ಪುಟ್ಟ ಲೇತನ್ನೇ ಹೊತ್ತು ತಂದು ಸಂತೆಯ ಮೂಲೆಯಲ್ಲಿ ಕೂರುತ್ತಾರೆ. ಗಿರಾಕಿಯೊಬ್ಬ ಬುಗುರಿ ಕೈಯಲ್ಲಿ ಹಿಡಿದು, ‘ಪ್ಲಾಸ್ಟಿಕ್ಕಿನದು ಇದರ ಕಾಲು ಭಾಗಕ್ಕೆ ಸಿಗುತ್ತಲ್ರೀ’ ಎಂದ. ಅವರು ಉತ್ತರ ಕೊಡಲಿಲ್ಲ. ಹಾಲೆಮರದ ಬಿಳಿ ತುಂಡೊಂದನ್ನು ಲೇತಿಗೆ ಸಿಕ್ಕಿಸಿ ತಿರುಗಲು ಬಿಟ್ಟರು. ಉಳಿ ತಾಗಿಸಿದ್ದೇ ತಡ, ಸುರುಳಿ ಸುರುಳಿಯಾಗಿ ಹೊಟ್ಟು ಹಾರಿ ಅವರ ತೊಡೆಯ ಮೇಲೆ ಬಿತ್ತು. ಸೊಂಟ ಸಣ್ಣದಾಯಿತು, ತುದಿ ಮೊನಚಾಯಿತು. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಬೆಂಕಿಯಿಲ್ಲ, ಕುಂಚವಿಲ್ಲ. ಉಜ್ಜಿದ ಕಾವಿಗೇ ಅರಗು ಕರಗಿ ಮರದ ಮೈಗೆ ಹತ್ತಿಕೊಂಡಿತು. ಮೊದಲು ಮಂಕಾಗಿ ಗಂಟುಗಂಟಾಗಿದ್ದ ಬಣ್ಣಕ್ಕೆ ಒಣಗರಿಯೊಂದನ್ನು ಒತ್ತಿ ಎರಡು ಸಲ ಸವರಿದರೋ ಇಲ್ಲವೋ, ಮುಖ ಕಾಣುವ ಹಾಗೆ ಹೊಳೆಯಿತು. ಬಿಸಿ ಆರುವ ಮುಂಚೆಯೇ ಬುಗುರಿಯನ್ನು ಆ ಗಿರಾಕಿಯ ಅಂಗೈಗೆ ಹಾಕಿದರು. ಅವನು ಕೇಳಿದಷ್ಟು ಕೊಟ್ಟು ಹೋದ. ಕೆಲಸ ಕಣ್ಣೆದುರಿಗೆ ನಡೆದಾಗ ದರ ಕೇಳುವ ನಾಲಗೆ ತಾನಾಗಿ ಹಿಂದೆ ಸರಿಯುತ್ತದೆ.

ಕಣ್ಣೆದುರಿಗೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕೊಲ್ಹಾಪುರಿ ಚಪ್ಪಲಿಯ ಕಥೆಯೇ ಸಾಕ್ಷಿ. ಹೆಸರು ಕೊಲ್ಹಾಪುರದ್ದಾದರೂ ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕೈಗಳೂ ಅದನ್ನು ಹೊಲಿಯುತ್ತವೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಷೋ ನಡೆದಾಗ, ಹೆಚ್ಚುಕಡಿಮೆ ಅದೇ ಚಪ್ಪಲಿ ಮೆಟ್ಟಿಕೊಂಡು ಹುಡುಗರು ನಡೆದುಬಂದರು. ಚಪ್ಪಲಿ ಹೋಗಿತ್ತು, ಹೊಲಿದವರ ಊರು ಕೇರಿಯ ಸುದ್ದಿಯೇ ಇರಲಿಲ್ಲ. ಇಲ್ಲಿ ಗದ್ದಲವೆದ್ದ ಮೇಲೆ, ಭಾರತದ ಕುಶಲಕರ್ಮಿಗಳಿಂದ ಸ್ಫೂರ್ತಿ ಪಡೆದದ್ದು ಹೌದೆಂದು ಕಂಪನಿ ಒಪ್ಪಿಕೊಂಡಿತು. ಮಿಲಾನಿನವರನ್ನಷ್ಟೇ ಯಾಕೆ ಅನ್ನಬೇಕು? ಅದೇ ಚಪ್ಪಲಿಯನ್ನು ಸಂತೆಯಲ್ಲಿ ಐವತ್ತು ರೂಪಾಯಿ ಇಳಿಸಲು ಅರ್ಧ ಗಂಟೆ ಗುದ್ದಾಡುವವರು ನಾವೇ.

ದಾಕ್ಷಿಣ್ಯದ ಪರಾಕಾಷ್ಠೆ ನೋಡಬೇಕೆಂದರೆ ಚಿತ್ರಸಂತೆಗೆ ಹೋಗಬೇಕು. ಚಿತ್ರಕಲಾ ಪರಿಷತ್ತಿನವರು ವರ್ಷವರ್ಷವೂ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯನ್ನೇ ಗ್ಯಾಲರಿ ಮಾಡಿಬಿಡುತ್ತಾರೆ. ಅಲ್ಲಿ ಕೂತ ಹಾಗೆಯೇ ನಿಮ್ಮ ಮುಖ ಬರೆದುಕೊಡುವ ಹುಡುಗ ಹುಡುಗಿಯರು ಸಾಲಾಗಿ ಸ್ಟೂಲು ಹಾಕಿಕೊಂಡಿರುತ್ತಾರೆ. ಒಮ್ಮೆ ಆ ಸ್ಟೂಲಿನ ಮೇಲೆ ಕೂತಿರೋ, ಹಾಳೆಯಲ್ಲಿ ಬಂದದ್ದು ನಿಮ್ಮ ಮಾವನ ಮುಖವಾದರೂ ‘ಹಾಗೇ ಬಂದಿದೆಯಮ್ಮ’ ಎಂದು ಹೇಳಿ ದುಡ್ಡು ಕೊಟ್ಟು ಏಳಬೇಕು. ಬರೆದವಳ ಕಣ್ಣಿನ ಆಸೆ ನೋಡಿದ ಮೇಲೆ ಮೂಗು ಉದ್ದವಾಯಿತು ಎನ್ನಲು ನಾಲಗೆ ಏಳುತ್ತದೆಯೆ?

ನಮ್ಮ ಅಕ್ಕನಿಗೆ ಏಳುತ್ತದೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲಿಕ್ಕೆ ಜಾಗವಿಲ್ಲ ಎಂಬ ಗಾದೆಯನ್ನು ಬಾಯಲ್ಲಿಟ್ಟುಕೊಂಡೇ ಸಂತೆಗೆ ಬರುವವಳು ಅವಳು. ಧಾರವಾಡದ ಕಡೆಯ ಹೆಂಗಸೊಬ್ಬಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಇಟ್ಟುಕೊಂಡು ಕೂರುತ್ತಾಳೆ. ‘ತಗೋರಿ ಅಕ್ಕಾರ, ತಿಂದ್ ನೋಡ್ರಿ, ರೊಕ್ಕ ಆಮ್ಯಾಲೆ’ ಎಂದು ರೊಟ್ಟಿ ಮುರಿದು, ಅದರ ಮೇಲೆ ಚಟ್ನಿ ಉದುರಿಸಿ, ಒಂದು ಹನಿ ಎಣ್ಣೆ ಬಿಟ್ಟು ಕೈಗೆ ಕೊಟ್ಟಳು. ನಾನು ತಿಂದು ಎಂದಿನಂತೆ ‘ಭಾಳ ಛಲೋ ಆಗೇತಿ’ ಎಂದು ನನಗೆ ಬಾರದ ಭಾಷೆಯಲ್ಲಿ ಹೊಗಳಿ ಎರಡು ಪೊಟ್ಟಣ ಕಟ್ಟಿಸಿದೆ. ಅಕ್ಕ ಅಗಿದಳು, ನಿಂತಳು, ಇನ್ನೊಂದು ಚೂರು ಕೇಳಿ ತಿಂದಳು. ‘ಶೇಂಗಾ ಒಂದು ಸುತ್ತು ಹೆಚ್ಚಿಗೆ ಹುರಿದಿದ್ದೀರಿ ತಾಯಿ, ಕೊನೆಗೆ ಕಹಿ ಬರ್ತಿದೆ. ಬೆಳ್ಳುಳ್ಳಿಯೂ ಹಸಿಹಸಿ’ ಎಂದುಬಿಟ್ಟಳು. ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಆ ಹೆಂಗಸು ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿ, ‘ಖರೇ ಐತ್ರಿ’ ಎಂದಳು.

ಅಕ್ಕ ಆಮೇಲೆ ತನ್ನೂರಿಗೆ ಹೋದಳು. ನಾನೊಬ್ಬನೇ ಮತ್ತೆ ಸಂತೆಗೆ ಹೋದಾಗ ಆ ಹೆಂಗಸು ನನ್ನ ಹಿಂದೆ ಕಣ್ಣು ಹಾಯಿಸಿ, ‘ಅಕ್ಕಾರು ಬರ್ಲಿಲ್ರಿ? ಈ ಸಲ ಸಣ್ಣ ಉರಿಯಾಗ ಹುರಿದೀನಿ, ಅವರಿಗೇ ತೋರಿಸ್ಬೇಕಿತ್ತು’ ಎಂದಳು. ರುಚಿ ನೋಡಿ ಎಂದು ನನಗೆ ಕೊಡಲೂ ಇಲ್ಲ. ಹೇಗಿದ್ದರೂ ಚೆನ್ನಾಗಿದೆ ಎನ್ನುವವನ ಬಾಯಿ ಅವಳಿಗೇನು ಉಪಯೋಗ? ಮುಖಾಮುಖಿ ನಿಂತು ಮಾರುವವಳು ಕಾಯುವುದು ದುಡ್ಡಿಗಷ್ಟೇ ಅಲ್ಲ, ತನ್ನ ಕೆಲಸ ಬಲ್ಲ ಒಂದು ನಾಲಗೆಗೂ. ನನ್ನಂಥ ದಾಕ್ಷಿಣ್ಯದ ಗಿರಾಕಿಗಳಿಂದ ಸಂತೆಯ ಗಲ್ಲಾ ತುಂಬೀತು. ಚಟ್ನಿ ಹದಕ್ಕೆ ಬರಬೇಕಾದರೆ ಅಕ್ಕನಂಥವರೇ ಬರಬೇಕು.