ಡೌಟ್ ಕೇಳೋಕೆ ಯಾವ ಭಾಷೆ?

ಸಿಇಟಿಯಲ್ಲಿ ಒಂದರಿಂದ ಹತ್ತನೇ ಕ್ಲಾಸ್‌ವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಹುಡುಗ ಹುಡುಗಿಯರು ಈ ದಾರಿಯಲ್ಲಿ ಮಂಡ್ಯಕ್ಕೆ ಬಂದು ನಮ್ಮ ಪಕ್ಕದ ಬೆಂಚಿನಲ್ಲಿ ಕೂತಿದ್ದಾರೆ. ಸೀಟು ಸಿಕ್ತು, ಸರಿ. ಆಮೇಲೆ?

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಈ ‘ಆಮೇಲೆ’ ಅರ್ಥವಾಗಿದ್ದು ಫಸ್ಟ್ ಇಯರ್‌ನ ಎಲೆಕ್ಟ್ರಿಕಲ್ ಕ್ಲಾಸಿನಲ್ಲಿ. ಪಕ್ಕದಲ್ಲಿದ್ದ ಮಳವಳ್ಳಿ ಕಡೆಯ ಗೆಳೆಯನಿಗೆ ಒಂದು ಸರ್ಕ್ಯೂಟ್ ಬಗ್ಗೆ ಡೌಟ್ ಇತ್ತು. “ಕೇಳೋ” ಅಂದೆ. “ಸುಮ್ನಿರ್ಲಾ, ಇಂಗ್ಲಿಷ್ ತಪ್ಪಾದ್ರೆ ನಗ್ತಾರೆ” ಅಂದ. ಅವನೇನು ದಡ್ಡನಲ್ಲ. ವಿಭವಾಂತರ, ರೋಧ ಅಂತ ಹತ್ತನೇ ಕ್ಲಾಸಿನಲ್ಲೇ ಅಚ್ಚುಕಟ್ಟಾಗಿ ಕಲಿತವನು. ಪಿಯುಸಿ ಎರಡು ವರ್ಷ ಇಂಗ್ಲಿಷ್‌ನಲ್ಲೇ ಓದಿದ್ದಾನೆ, ಬರೆದಿದ್ದಾನೆ. ಆದರೆ ಅರವತ್ತು ಜನರ ಮುಂದೆ ಎದ್ದು ನಿಂತು ಮಾತಾಡೋದೇ ಬೇರೆ. ಮೊದಲ ಇಂಟರ್ನಲ್ಸ್ ಆದಮೇಲೆ “ಬಿಟ್ಬುಟ್ಟು ಬಿಎಸ್ಸಿಗೆ ಸೇರ್ಕೋತೀನಿ ಕಣ್ಲಾ” ಅಂದಿದ್ದ.

ಕನ್ನಡ ಬಾರದವರಿಗೆ ಅಂತಲೇ ವಿಟಿಯು ‘ಬಳಕೆ ಕನ್ನಡ’ ಪೇಪರ್ ಇಟ್ಟಿದೆ. ಒಳ್ಳೇದೇ. ಹೊರಗಿನಿಂದ ಬಂದ ಗೆಳೆಯರು ತಪ್ಪುತಪ್ಪಾಗಿ ಕನ್ನಡ ಮಾತಾಡಿದ್ರೂ ನಾವು ಖುಷಿಪಡ್ತೀವಿ, ತಿದ್ದಿ ಹೇಳಿಕೊಡ್ತೀವಿ. ಅದೇ ನಮ್ಮೂರ ಹುಡುಗಿ ಇಂಗ್ಲಿಷ್‌ನಲ್ಲಿ ಒಂದು ತಪ್ಪು ಮಾಡಿದ್ರೆ ಹಿಂದಿನ ಬೆಂಚಿನಿಂದ ನಗು ಬರುತ್ತೆ. ಇದ್ಯಾವ ನ್ಯಾಯ?

ಇದು ಬದಲಾಗೋಕೆ ದುಡ್ಡು ಬೇಕಿಲ್ಲ. ಎರಡನೇ ಸೆಮ್‌ನಲ್ಲಿ ನಮ್ಮ ಮೇಡಂ ಒಬ್ಬರು ಮೊದಲ ದಿನವೇ “ಯಾವ ಭಾಷೆಯಲ್ಲಾದ್ರೂ ಕೇಳಿ, ಉತ್ತರ ಬರೆಯೋವಾಗ ಮಾತ್ರ ಇಂಗ್ಲಿಷ್” ಅಂದ್ರು. ಎರಡು ವಾರದಲ್ಲಿ ನನ್ನ ಗೆಳೆಯ ಕೈ ಎತ್ತಿದ. ಅವನು ಕೇಳಿದ ಪ್ರಶ್ನೆ ನನಗೂ ಗೊತ್ತಿರಲಿಲ್ಲ. ಅವನು ಕನ್ನಡದಲ್ಲಿ ಕೇಳಿದ್ದರಿಂದ ನಾನೂ ಕಲಿತೆ. ಈಗ ನಾವಿಬ್ಬರೂ ಸೆಕೆಂಡ್ ಇಯರ್. ಬಿಎಸ್ಸಿ ಮಾತು ಮತ್ತೆ ಬಂದಿಲ್ಲ.

ಇನ್ನೊಂದು ವಿಷಯ. ಡೌಟ್ ಕ್ಲಾಸುಗಳು ಸಂಜೆ ಇರುತ್ತವೆ. ಹಾಸ್ಟೆಲ್‌ನವರಿಗೆ ಸರಿ, ಮದ್ದೂರಿನವರಿಗೆ ಟ್ರೈನಾದ್ರೂ ಇದೆ. ಮಳವಳ್ಳಿಗೆ ರೈಲೇ ಇಲ್ಲ, ಬಸ್ಸೇ ಗತಿ. ಮಳವಳ್ಳಿಯಲ್ಲಿ ಇಳಿದು ಮತ್ತೆ ಹಳ್ಳಿ ಬಸ್ ಹಿಡಿಯೋ ಹುಡುಗಿ ಸಂಜೆ ಆರರವರೆಗೆ ಹೇಗೆ ಕೂರ್ತಾಳೆ?

ಅದಕ್ಕೇ ನನ್ನದೊಂದು ಕೋರಿಕೆ. ವಾರಕ್ಕೆರಡು ದಿನ ಮಧ್ಯಾಹ್ನ ಊಟ ಆದಮೇಲೆ ಅರ್ಧ ಗಂಟೆ, ಒಂದು ಖಾಲಿ ಕ್ಲಾಸ್‌ರೂಮ್, ನಾಲ್ಕು ಜನ ಸೀನಿಯರ್ಸ್. ಫಸ್ಟ್ ಇಯರ್‌ನವರು ಯಾವ ಭಾಷೆಯಲ್ಲಾದ್ರೂ ಡೌಟ್ ಕೇಳಲಿ. ರಾಜ್ಯೋತ್ಸವ ಮಾಡೋ ನಮ್ಮ ಕನ್ನಡ ಸಂಘವೇ ಇದನ್ನೂ ಶುರು ಮಾಡಬಹುದು. ನಾನು ಬರ್ತೀನಿ. ನನ್ನ ಗೆಳೆಯನೂ ಬರ್ತಾನಂತೆ, ಈ ಸಲ ಹೇಳಿಕೊಡೋಕೆ.